ಆಟಗಾರನೂ ಕಾಮಗಾರನೇ

ಬೈಲಹೊಂಗಲದ ಪೇಟೆಯಲ್ಲಿ ಹತ್ತಿಯ ಲಿಲಾವು ಆಗುವದನ್ನು ನಮ್ಮ ವಾಚಕರೆಲ್ಲ ಕಂಡವರೇ. ರೈತ ಮಾಲು ಸುರುವುತ್ತಾನೆ, ದಲಾಲ ಕೂಗುತ್ತಾನೆ, ಖರೀದಿದಾರ ಅರಳೆಯ ಎಳೆ ಜಗ್ಗಿ ನೋಡಿ ದರ ಹೇಳುತ್ತಾನೆ. ದರ ಒಪ್ಪದಿದ್ದರೆ ರೈತ ಮಾಲು ಕೊಡಲಾರೆನೆಂದು ಹೇಳಿ ಮರಳಿ ತುಂಬಿಕೊಂಡು ಹೋಗಬಹುದು. ಸಾಲದ ಹೊರೆ ಬೆನ್ನ ಮೇಲೆ ಇರುವಾಗ ಹಾಗೆ ಹೋಗುವವರು ವಿರಳ. ಆದರೂ ಹಕ್ಕು ಹಕ್ಕೇ.

2014ರಿಂದ ನಮ್ಮ ದೇಶದಲ್ಲಿ ಇನ್ನೊಂದು ಬಗೆಯ ಲಿಲಾವು ನಡೆದುಬಂದಿದೆ. ಅಲ್ಲಿ ಕೂಗುವ ಮಾಲು ಹತ್ತಿಯಲ್ಲ, ಗೋವಿನಜೋಳವಲ್ಲ. ಕಬಡ್ಡಿ ಆಡುವ ತರುಣ. ಪ್ರೊ ಕಬಡ್ಡಿ ಲೀಗ್ ಎಂಬ ಈ ವ್ಯವಸ್ಥೆಯ ಮೊದಲ ಲಿಲಾವಿನಲ್ಲಿ ಅತಿ ಹೆಚ್ಚಿನ ಬೆಲೆ ಬಂದದ್ದು ರೇಲ್ವೆಯ ರಾಕೇಶ ಕುಮಾರ ಅವರಿಗೆ: 12 ಲಕ್ಷ 80 ಸಾವಿರ ರೂಪಾಯಿ. 2018ರಲ್ಲಿ ಮೋನು ಗೋಯತ ಅವರಿಗೆ 1 ಕೋಟಿ 51 ಲಕ್ಷ. 2023ರಲ್ಲಿ ಪವನ ಸೆಹರಾವತ ಅವರಿಗೆ 2 ಕೋಟಿ 60 ಲಕ್ಷಕ್ಕೂ ಮೇಲೆ. ಒಂಬತ್ತು ವರ್ಷಗಳಲ್ಲಿ ಬೆಲೆ ಇಪ್ಪತ್ತು ಪಟ್ಟು ಏರಿತು. ಇದೇ ಪವನ ಅವರು 2019ರ ಜನವರಿ 5ರಂದು ಮುಂಬಯಿಯ ಅಂತಿಮ ಪಂದ್ಯದಲ್ಲಿ ಒಬ್ಬರೇ 22 ಅಂಕ ತಂದು ಬೆಂಗಳೂರು ಬುಲ್ಸ್ ತಂಡಕ್ಕೆ ಪ್ರಶಸ್ತಿ ಗೆದ್ದುಕೊಟ್ಟಿದ್ದರು. ಆಗ ನಮ್ಮ ಹಳ್ಳಿಗಳ ಹುಡುಗರು ಅವರನ್ನು ನಮ್ಮವರೆಂದು ಕುಣಿದಾಡಿದರು. 2022ರ ಲಿಲಾವಿನಲ್ಲಿ ಅವರು ತಮಿಳು ತಂಡಕ್ಕೆ ಹೋದರು; ಮರುವರ್ಷ ತೆಲುಗು ತಂಡಕ್ಕೆ.

ಹತ್ತಿಯ ರೈತನಿಗೆ ಇರುವ ಹಕ್ಕು ಈ ಆಟಗಾರನಿಗೆ ಇದೆಯೇ? ಲಿಲಾವಿಗೆ ಹೆಸರು ಕೊಡುವ ವರೆಗೆ ಅವನ ಇಚ್ಛೆ. ಹೆಸರು ಕೂಗಿದ ಮೇಲೆ ಯಾವ ಊರು, ಯಾವ ತಂಡ, ಯಾವ ತರಬೇತುದಾರ ಎಂಬದೆಲ್ಲ ಕೂಗಿ ಕೊಂಡವರ ಇಚ್ಛೆ. ಹಳೆಯ ತಂಡವು ಲಿಲಾವಿಗೆ ಮೊದಲೇ ಕೆಲವರನ್ನು ತನ್ನಲ್ಲಿಯೇ ಉಳಿಸಿಕೊಳ್ಳಬಹುದು. ಬೇರೆಯವರು ಕೂಗಿದ ಕೊನೆಯ ಬೆಲೆಯನ್ನು ತಾನೂ ಕೊಡುವೆನೆಂದು ಹೇಳಿ ಕೆಲವರನ್ನು ಮರಳಿ ಪಡೆಯುವ ಚೀಟಿಯೂ ಅದರ ಕೈಯಲ್ಲಿ ಉಂಟು. ಆಟಗಾರನ ಕೈಯಲ್ಲಿ ಅಂಥ ಚೀಟಿ ಯಾವುದೂ ಇಲ್ಲ.

ಗಿರಣಿ ಕಾಮಗಾರರ ಮತ್ತು ಸಣ್ಣ ವ್ಯಾಪಾರಸ್ಥರ ಪತ್ರಿಕೆಗೆ ಆಟದ ಉಸಾಬರಿ ಏಕೆಂದು ಕೇಳುವವರಿದ್ದಾರೆ. ಅವರಿಗೆ ನಮ್ಮ ಉತ್ತರ ಸರಳವಾಗಿದೆ. ಕಬಡ್ಡಿ ನಮ್ಮವರ ಆಟ. ಅದಕ್ಕೆ ಬ್ಯಾಟು ಬೇಡ, ಚೆಂಡು ಬೇಡ, ಕ್ಲಬ್ಬಿನ ವರ್ಗಣಿ ಬೇಡ. ಉಗರಗೋಳದ ಬಯಲಿನಲ್ಲಿ, ರಾಮದುರ್ಗದ ನೇಕಾರರ ಓಣಿಯಲ್ಲಿ, ಕಿತ್ತೂರ ಸೀಮೆಯ ಹಳ್ಳಿಗಳಲ್ಲಿ ಸಂಜೆ ಹೊತ್ತು ಗೆರೆ ಕೊರೆದು ಆಡುವ ಹುಡುಗರು ಯಾರ ಮಕ್ಕಳು? ಜಿನ್ನಿನಲ್ಲಿ ದುಡಿಯುವವರ, ಮಗ್ಗ ಹೊಡೆಯುವವರ, ಚಹದ ಅಂಗಡಿ ಇಟ್ಟವರ ಮಕ್ಕಳು. ಆ ಹುಡುಗರ ಮೈಯನ್ನು ಇಂದು ಪೇಟೆ ಕೊಳ್ಳತೊಡಗಿದೆ. ಮಾಲು ನಮ್ಮ ಮನೆಯದಾಗಿರುವಾಗ ತೂಕ, ದರ, ಕರಾರುಗಳ ಮಾತು ನಮ್ಮದಲ್ಲದೆ ಇನ್ನಾರದು?

ಮೊದಲೇ ಒಂದು ಮಾತು ಸ್ಪಷ್ಟ ಮಾಡುತ್ತೇವೆ. ಆಡಿದವನಿಗೆ ಹಣ ಸಿಗುವದನ್ನು ನಾವು ವಿರೋಧಿಸುವದಿಲ್ಲ. ಆಟ ಪವಿತ್ರ, ಹಣ ಅಪವಿತ್ರ, ಆದುದರಿಂದ ಆಟಗಾರ ಬರಿಗೈಯಲ್ಲಿ ಆಡಬೇಕು ಎಂಬ ಉಪದೇಶವನ್ನು ಹೊಟ್ಟೆ ತುಂಬಿದವರು ಬಹಳ ವರ್ಷ ಮಾಡಿದ್ದಾರೆ. ಅದೇ ಆಟಕ್ಕೆ ಟಿಕೇಟು ಮಾರಿದವರು, ಜಾಹೀರಾತು ಹಿಡಿದವರು ಅಪವಿತ್ರರಾದ ಸುದ್ದಿಯನ್ನು ನಾವು ಕೇಳಿಲ್ಲ. 2015ರಲ್ಲಿ ಕಬಡ್ಡಿಯನ್ನು ಟಿ.ವಿ.ಯಲ್ಲಿ ತೋರಿಸುವ ಸ್ಟಾರ್ ಕಂಪನಿಯೇ ಲೀಗ್ ನಡೆಸುವ ಸಂಸ್ಥೆಯ 74 ಶೇಕಡಾ ಪಾಲು ಕೊಂಡಿತು. ಲಾಭವಿಲ್ಲದೆ ಯಾರೂ ಹಾಗೆ ಕೊಳ್ಳುವದಿಲ್ಲ. ಆ ಲಾಭ ಹುಟ್ಟುವದು ಹುಡುಗನ ಉಸಿರಿನಿಂದ ಮತ್ತು ಅವನ ಮೊಣಕಾಲಿನಿಂದ. ದುಡಿಮೆ ಇದ್ದಲ್ಲಿ ಪಗಾರ ಇರಲೇಬೇಕು. ಪಗಾರದ ಜೊತೆಗೆ ಪಗಾರದಾರನ ಹಕ್ಕುಗಳೂ ಬರಬೇಕು ಎಂಬದೇ ನಮ್ಮ ವಾದ.

ಹಿಂದಿನ ಸ್ಥಿತಿ ಹೇಗಿತ್ತೆಂಬದನ್ನೂ ನೋಡೋಣ. ನಮ್ಮ ಕಡೆ ಆಟವೆಂದರೆ ಕುಸ್ತಿ. ಪೈಲವಾನನ ಖುರಾಕಿಗೆ ಹಾಲು, ತುಪ್ಪ, ಬದಾಮಿ ಕೊಡುವವರು ಊರ ಗೌಡರು, ಸಾವುಕಾರರು, ಸಂಸ್ಥಾನಿಕರು. ಕೊಲ್ಹಾಪುರದ ಶಾಹೂ ಮಹಾರಾಜರು ಕುಸ್ತಿಗೆ ಕೊಟ್ಟ ಆಶ್ರಯ ದೊಡ್ಡದು. ಅವರು ಕಟ್ಟಿಸಿದ ಖಾಸಬಾಗ ಮೈದಾನದಲ್ಲಿ ಗಡಿಯ ಈಚೆಯ ಪೈಲವಾನರೂ ಮಣ್ಣು ಹಚ್ಚಿಕೊಂಡಿದ್ದಾರೆ. ಆದರೆ ಆಶ್ರಯವೆಂಬದು ಹಕ್ಕಲ್ಲ. ಕೊಡುವವನ ಮನಸ್ಸು ಇರುವ ವರೆಗೆ ಹಾಲು, ಮನಸ್ಸು ತಿರುಗಿದರೆ ನೀರು. ತೋಳಿನ ಶಕ್ತಿ ಇಳಿದ ಮೇಲೆ ಹಳೆಯ ಪೈಲವಾನ ಹೊಲಗಾವಲಿಗೆ ಹೋದದ್ದನ್ನು ಪ್ರತಿ ಊರಿನಲ್ಲೂ ಹಿರಿಯರು ಬಲ್ಲರು.

ಫುಟ್‌ಬಾಲ್ ಆಟದಲ್ಲಿಯೂ ಹೀಗೆಯೇ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ತಂಡವು ಫ್ರಾನ್ಸಿನ ಎದುರು 2-1ರಿಂದ ಸೋತಾಗ ನಮ್ಮ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ ಖಾನ ಮತ್ತು ಧನರಾಜ ಅವರು ಕಲಕತ್ತೆಯ ಈಸ್ಟ್ ಬೆಂಗಾಲ್ ಪರವಾಗಿ ಆಡಿ ದೇಶಕ್ಕೆಲ್ಲ ಹೆಸರಾದರು. ಆ ಕಾಲದಲ್ಲಿ ಆಟಗಾರರು ಕಾಗದದ ಮೇಲೆ ಹವ್ಯಾಸಿಗಳು. ಕಲಕತ್ತೆಯ ದೊಡ್ಡ ಕ್ಲಬ್ಬುಗಳು ಪ್ರತಿವರ್ಷ ಒಬ್ಬರ ಆಟಗಾರರನ್ನು ಒಬ್ಬರು ಸೆಳೆಯುತ್ತಿದ್ದವು, ಸಹಿ ಆಗುವ ವರೆಗೆ ಬಚ್ಚಿಡುತ್ತಲೂ ಇದ್ದವು. ಕೈಗೆ ಬಂದ ಹಣಕ್ಕೆ ಲೆಕ್ಕವಿಲ್ಲ, ಲೆಕ್ಕವಿಲ್ಲದ ಹಣಕ್ಕೆ ದಾವೆ ಹೂಡಲು ಬಾರದು.

ಇವೆರಡರ ನಡುವೆ ನಾವು ಮರೆಯಬಾರದ ಮೂರನೆಯ ದಾರಿಯೊಂದು ಇತ್ತು. ಬೆಂಗಳೂರಿನ ಎಚ್.ಎ.ಎಲ್., ಐ.ಟಿ.ಐ.ನಂಥ ಸರಕಾರಿ ಕಾರ್ಖಾನೆಗಳು, ರೇಲ್ವೆ, ಪೊಲೀಸ್ ಇಲಾಖೆ ತಮ್ಮವೇ ತಂಡಗಳನ್ನು ಕಟ್ಟಿದವು. ಆಟಗಾರನಿಗೆ ಅಲ್ಲಿ ಕಾಯಂ ನೌಕರಿ. ಆಡುವ ವರೆಗೆ ಆಟ. ಕಾಲು ಸೋತ ಮೇಲೆ ಯಂತ್ರದ ಮುಂದೆಯೋ ಮೇಜಿನ ಮುಂದೆಯೋ ಕೆಲಸ. ಭವಿಷ್ಯನಿಧಿ ಉಂಟು, ಔಷಧೋಪಚಾರ ಉಂಟು, ಸಂಘ ಉಂಟು. ಕೋಟಿ ರೂಪಾಯಿ ಇರಲಿಲ್ಲ. ಆದರೆ ನಲವತ್ತನೆಯ ವಯಸ್ಸಿನಲ್ಲಿ ಮನೆಯ ಒಲೆ ಆರುತ್ತಿರಲಿಲ್ಲ. ಸರಕಾರಿ ಕಾರ್ಖಾನೆಗಳಲ್ಲಿ ಕಾಯಂ ಭರತಿ ಕುಗ್ಗಿದಂತೆ ಆ ದಾರಿಯೂ ಕಿರಿದಾಗುತ್ತ ಬಂದಿತು. ಕಿರಿದಾದ ಆ ದಾರಿಯ ಬಾಯಿಗೇ ಲಿಲಾವಿನ ಚಪ್ಪರ ಎದ್ದಿದೆ.

ಈ ಹೊಸ ಹಣ ಲೀಗಿನಲ್ಲಿಯೇ ಉಳಿದಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಅದರ ನೆರಳು ಶಾಲೆ ಕಾಲೇಜುಗಳ ಮೇಲೆ ಬಿದ್ದಿದೆ. ವಿಶ್ವವಿದ್ಯಾಲಯದ ಪಂದ್ಯದಲ್ಲಿ ಗೆದ್ದ ಕಾಲೇಜಿಗೆ ಹೆಸರು. ಹೆಸರು ಬಂದರೆ ಫೀ ಕಟ್ಟುವ ಹುಡುಗರು ಬರುತ್ತಾರೆ. ಆದುದರಿಂದ ಖಾಸಗಿ ಸಂಸ್ಥೆಗಳು ಹಳ್ಳಿಗಳ ಪಂದ್ಯಾವಳಿಗೆ ಬಂದು ಹುಡುಗರನ್ನು ಆರಿಸತೊಡಗಿವೆ. ಇದರಲ್ಲಿ ಒಳ್ಳೆಯದೂ ಇದೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಉಚಿತ ಶಿಕ್ಷಣ, ಊಟ, ವಸತಿ ಕೊಡುತ್ತ ಬಂದದ್ದು ನಾಡಿಗೆಲ್ಲ ಗೊತ್ತಿದೆ. ಅಲ್ಲಿ ಕಲಿತು ಮುಂದೆ ಬಂದ ಬಡ ಮಕ್ಕಳು ಅನೇಕರು. ಆದರೆ ಒಬ್ಬರು ಒಳ್ಳೆಯ ರೀತಿಯಿಂದ ಮಾಡಿದ್ದನ್ನು ಹತ್ತು ಜನ ವ್ಯಾಪಾರದ ರೀತಿಯಿಂದ ಮಾಡಿದಾಗ, ತಡೆಯುವ ನಿಯಮ ಇಲ್ಲದಿದ್ದರೆ, ಏನಾಗುವದೆಂಬದಕ್ಕೆ ನಮ್ಮ ಕಣ್ಣೆದುರಿನ ಒಂದು ಸಂಗತಿ ಹೇಳುತ್ತೇವೆ. ಊರು ಬೇರೆ, ಸಂಸ್ಥೆ ಬೇರೆ, ಹೆಸರು ಬರೆಯುವದಿಲ್ಲ.

ನಾವು ಶಾಲೆಯಲ್ಲಿ ಕಲಿಸುತ್ತಿದ್ದಾಗ ನಮ್ಮ ಕೈಯಲ್ಲಿ ಕಲಿತ ಒಬ್ಬ ಹುಡುಗ ಕಳೆದ ಮಳೆಗಾಲದಲ್ಲಿ ಕಚೇರಿಗೆ ಬಂದ. ತಂದೆ ಜಿನ್ನಿನಲ್ಲಿ ಹಮಾಲಿ. ಹುಡುಗ ಒಳ್ಳೆಯ ದಾಳಿಗಾರ. ಹೊನಲು ಬೆಳಕಿನ ಪಂದ್ಯದಲ್ಲಿ ಅವನ ಆಟ ನೋಡಿ ದೂರದ ಒಂದು ಕಾಲೇಜಿನವರು ಕರೆದೊಯ್ದಿದ್ದರು. ಎರಡನೆಯ ವರ್ಷ ಅಭ್ಯಾಸದಲ್ಲಿ ಮೊಣಕಾಲು ತಿರುಚಿತು. ವೈದ್ಯರು ಶಸ್ತ್ರಕ್ರಿಯೆ ಆಗಬೇಕೆಂದರು. ಅಲ್ಲಿಂದ ಮುಂದೆ ಕಾಲೇಜಿನ ಮಾತು ಬದಲಾಯಿತು.

“ಗುರುಗಳ, ಆಡುವಾಗ ಫೀ ಮಾಫ್ ಅಂದಿದ್ರು. ಕಾಲು ಹ್ವಾದ ಮ್ಯಾಲೆ ಎರಡು ವರ್ಷದ ಫೀ, ಹಾಸ್ಟೆಲ್ ಬಾಕಿ ಎಲ್ಲಾ ಕೂಡಿ ಕಟ್ಟು, ಆಮ್ಯಾಲೆ ಟಿ.ಸಿ. ಒಯ್ಯಿ ಅಂತಾರ್ರಿ,” ಎಂದ. ಸಂಗಡ ಬಂದಿದ್ದ ತಂದೆಯನ್ನು ಕೇಳಿದೆವು, ಕರಾರು ಪತ್ರ ಏನಾದರೂ ಇದೆಯೇ ಎಂದು. “ಕಾಗದ ಏನೂ ಕೊಟ್ಟಿಲ್ರಿ. ದೊಡ್ಡ ಮಂದಿ, ಬಾಯಿಮಾತಿನ ಮ್ಯಾಲೆ ಕಳಿಸಿದ್ವಿ,” ಎಂದು ಅವರು ತಲೆ ತಗ್ಗಿಸಿದರು.

ಆ ತಲೆ ತಗ್ಗಿಸಬೇಕಾದದ್ದು ಯಾರದೆಂಬದನ್ನು ವಾಚಕರೇ ಹೇಳಲಿ. ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರ ಅಕ್ಟೋಬರಿನಲ್ಲಿ ಹೊರಡಿಸಿದ ಪ್ರಕಟಣೆಯ ಪ್ರಕಾರ ಯಾವ ಕಾಲೇಜೂ ವಿದ್ಯಾರ್ಥಿಯ ಮೂಲ ಪ್ರಮಾಣಪತ್ರಗಳನ್ನು ಒತ್ತೆ ಇಟ್ಟುಕೊಳ್ಳಕೂಡದು; ಮೂಲ ನೋಡಿ, ನಕಲು ಪಡೆದು, ಮರಳಿ ಕೊಡಬೇಕು. ಈ ಪ್ರಕಟಣೆಯನ್ನು ಉಲ್ಲೇಖಿಸಿ ಅರ್ಜಿ ಬರೆದುಕೊಟ್ಟೆವು. ಎರಡು ತಿಂಗಳು ತಿರುಗಾಡಿದ ಮೇಲೆ ಕಾಗದಗಳು ಬಂದವು. ಅಷ್ಟರಲ್ಲಿ ಬೇರೆ ಕಾಲೇಜಿನ ಪ್ರವೇಶದ ಮುದ್ದತು ತೀರಿತ್ತು. ಹುಡುಗ ಈಗ ತಂದೆಯ ಸಂಗಡ ಜಿನ್ನಿಗೆ ಹೋಗುತ್ತಾನೆ. ಏಣಿ ಹತ್ತುವಾಗ ಬಲಗಾಲನ್ನು ಎಡಗಾಲಿನ ಹಿಂದೆ ಎಳೆದುಕೊಳ್ಳುತ್ತಾನೆ.

ಕಾಗದ ಒತ್ತೆ ಇಡುವ ವಿದ್ಯೆ ನಮಗೆ ಹೊಸದಲ್ಲ. ಖಾಸಗಿ ಶಾಲೆಯಲ್ಲಿ ದುಡಿಯುವಾಗ ನಮ್ಮ ಎಸ್.ಎಸ್.ಎಲ್.ಸಿ. ಪ್ರಮಾಣಪತ್ರವೂ ಆಡಳಿತ ಮಂಡಳಿಯ ಕಪಾಟಿನಲ್ಲಿಯೇ ಇತ್ತು. ನೌಕರಿ ಬಿಡುವೆನೆಂದು ಹೇಳುವ ಧೈರ್ಯ ನಾಲಿಗೆಯ ತುದಿಗೆ ಬಂದಾಗಲೆಲ್ಲ ಆ ಕಪಾಟು ನೆನಪಾಗುತ್ತಿತ್ತು. ಬಿಟ್ಟು ಹೋಗುವ ಹಕ್ಕು ಇಲ್ಲದವನು ಪಗಾರ ಹೆಚ್ಚಿಸಿರೆಂದು ಕೇಳಲಾರ. ಇದು ಗಿರಣಿಯಲ್ಲಿಯೂ ನಿಜ, ಶಾಲೆಯಲ್ಲಿಯೂ ನಿಜ, ಆಟದ ಬಯಲಿನಲ್ಲಿಯೂ ನಿಜ.

ಈ ಜಗ್ಗಾಟ ನಮ್ಮ ದೇಶಕ್ಕಷ್ಟೇ ಸೇರಿದ್ದಲ್ಲ. ಬಂಡವಾಳಶಾಹಿಯ ತವರಾದ ಅಮೇರಿಕೆಯಲ್ಲಿ ಇದು ಎಪ್ಪತ್ತು ವರ್ಷ ನಡೆದು ಈಗ ಒಂದು ತಿರುವಿಗೆ ಬಂದಿದೆ. ಅಲ್ಲಿಯ ಕಾಲೇಜು ಫುಟ್‌ಬಾಲ್ (ಅಂಡಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ) ನಮ್ಮ ಅಂತರ್ ಕಾಲೇಜು ಪಂದ್ಯಾಟದಂಥದಲ್ಲ. ಲಕ್ಷ ಜನ ಕೂಡುವ ಮೈದಾನಗಳು ಕಾಲೇಜುಗಳ ಸ್ವಂತದವು. ತರಬೇತುದಾರರಿಗೆ ಕೋಟಿಗಟ್ಟಲೆ ಸಂಬಳ. ಆಡುವ ಹುಡುಗನಿಗೆ ಮಾತ್ರ ಫೀ ಮಾಫಿ, ಊಟ, ಕೋಣೆ. ಅದಕ್ಕಿಂತ ಹೆಚ್ಚು ಮುಟ್ಟಿದರೆ ಆಟದಿಂದ ಹೊರಗೆ.

1955ರಲ್ಲಿ ಕೊಲೊರಾಡೊ ರಾಜ್ಯದ ಒಂದು ಚಿಕ್ಕ ಕಾಲೇಜಿನ ಪರವಾಗಿ ಆಡುವಾಗ ರೇ ಡೆನಿಸನ್ ಎಂಬಾತ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಅವನ ಹೆಂಡತಿ ಕಾಮಗಾರರ ನಷ್ಟ ಪರಿಹಾರ ಕೇಳಿದಳು. 1957ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಕಾಲೇಜು ಫುಟ್‌ಬಾಲಿನ ವ್ಯಾಪಾರ ಮಾಡುವ ಸಂಸ್ಥೆಯಲ್ಲವೆಂದು ಹೇಳಿ ಅವಳನ್ನು ಬರಿಗೈಯಲ್ಲಿ ಕಳಿಸಿತು. ಅದೇ ಕಾಲದಲ್ಲಿ ಕಾಲೇಜು ಆಟಗಳ ಒಕ್ಕೂಟವು ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಜೋಡುಪದವನ್ನು ಹುಟ್ಟಿಸಿ ಎಲ್ಲ ಕಾಗದಗಳಲ್ಲೂ ಬರೆಸಿತು. ಕಾಮಗಾರನೆಂಬ ಹೆಸರು ಅವನಿಗೆ ಅಂಟಬಾರದೆಂಬದೇ ಉದ್ದೇಶ. ಜಿನ್ನಿನ ಪಟ್ಟೆಗೆ ಕೈ ಸಿಕ್ಕವನ ಪರಿಹಾರ ಕೇಳಲು ಹೋದಾಗ “ಅವನು ನಮ್ಮ ಆಳಲ್ಲ, ಗುತ್ತೇದಾರನ ಆಳು” ಎಂಬ ಉತ್ತರ ಕೇಳಿ ಬಂದ ನಮ್ಮ ಬಂಧುಗಳಿಗೆ ಈ ಯುಕ್ತಿಯ ಗುರುತು ಹಿಡಿಯಲು ತಡವಾಗದು.

ಆ ಗೋಡೆ ಮೊನ್ನೆ ಮೊನ್ನೆ ಬಿರುಕು ಬಿಟ್ಟಿತು. 2021ರ ಜೂನ್ 21ರಂದು ಅಲ್ಲಿಯ ಸುಪ್ರೀಮ್ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಒಕ್ಕೂಟದ ವಿರುದ್ಧ ತೀರ್ಪು ಕೊಟ್ಟರು. ಮರುತಿಂಗಳಿನಿಂದ ಆಟಗಾರರು ತಮ್ಮ ಹೆಸರು, ಭಾವಚಿತ್ರ ಬಳಸಿದ ಜಾಹೀರಾತಿನ ಹಣ ಪಡೆಯಲು ಸ್ವತಂತ್ರರಾದರು. ಮೊದಲು ಕಾಲೇಜು ಬದಲಿಸಿದವನು ಒಂದು ವರ್ಷ ಆಡದೆ ಕೂಡ್ರಬೇಕಾಗಿತ್ತು. ಆ ಶಿಕ್ಷೆಯನ್ನು 2021ರಲ್ಲಿ ಸಡಿಲಿಸಿ, ನ್ಯಾಯಾಲಯದ ಪೆಟ್ಟಿನ ನಂತರ 2024ರಲ್ಲಿ ಪೂರ್ತಿ ತೆಗೆದರು. ಪರೀಕ್ಷೆಯಲ್ಲಿ ಪಾಸಾಗುತ್ತಿದ್ದರೆ ಸಾಕು, ಎಷ್ಟು ಸಲವಾದರೂ ಹೋಗಬಹುದು. 2025ರ ಜೂನ್ 6ರಂದು ನ್ಯಾಯಾಲಯ ಮಂಜೂರು ಮಾಡಿದ ರಾಜಿಯ ಪ್ರಕಾರ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. 2025-26ರಲ್ಲಿ ಒಂದು ಕಾಲೇಜಿಗೆ ಇಟ್ಟ ಮಿತಿ 2 ಕೋಟಿ 5 ಲಕ್ಷ ಡಾಲರು. ಅಂದರೆ ಸುಮಾರು 175 ಕೋಟಿ ರೂಪಾಯಿ. ಹಳೆಯ ಅನ್ಯಾಯಕ್ಕೆ ಪರಿಹಾರವಾಗಿ 280 ಕೋಟಿ ಡಾಲರುಗಳನ್ನು ಹತ್ತು ವರ್ಷಗಳಲ್ಲಿ ಹಂಚಬೇಕೆಂದಾಯಿತು.

ಇದು ಜಯವೇ. ಆದರೆ ಅರ್ಧ ಜಯ. ಭರತಿಯ ರೀತಿ ಹೇಗೆ ಬದಲಾಯಿತು ನೋಡಿರಿ. ಹದಿನೇಳು ವರ್ಷದ ಹುಡುಗನನ್ನು ಹೈಸ್ಕೂಲಿನಿಂದ ತಂದು ತಿದ್ದಿ ಬೆಳೆಸುವ ಬದಲು, ಬೇರೆ ಕಾಲೇಜಿನಲ್ಲಿ ಮಾಗಿದ ಆಟಗಾರನನ್ನು ಹೆಚ್ಚಿನ ಹಣ ಕೊಟ್ಟು ಎತ್ತಿಕೊಂಡು ಬರುವದು ಲಾಭದಾಯಕವಾಯಿತು. ಚಿಕ್ಕ ಕಾಲೇಜು ಬೆಳೆಸುತ್ತದೆ, ದೊಡ್ಡ ಕಾಲೇಜು ಕೊಯ್ಯುತ್ತದೆ. ರಾಜಿಯ ಪ್ರಕಾರ ಒಂದು ಫುಟ್‌ಬಾಲ್ ತಂಡದಲ್ಲಿ 105 ಜನರಿಗಿಂತ ಹೆಚ್ಚು ಇರಕೂಡದೆಂದಾದಾಗ, ಹಣ ಪಡೆಯದೆ ಕೇವಲ ಆಸೆಯಿಂದ ಆಡುತ್ತಿದ್ದ ಹುಡುಗರ ಹೆಸರುಗಳೇ ಮೊದಲು ಹೊಡೆದುಹೋದವು. 2025ರ ಏಪ್ರಿಲಿನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಈ ಕಾರಣಕ್ಕಾಗಿಯೇ ಮಂಜೂರಾತಿ ತಡೆದು, ಅಂಥವರಿಗೆ ರಕ್ಷಣೆ ಬರೆಸಿದ ಮೇಲೆಯೇ ಸಹಿ ಮಾಡಿದರು. ಇಷ್ಟೆಲ್ಲ ಆದರೂ ಆ ಹುಡುಗರಿಗೆ ಇನ್ನೂ ಸಂಘವಿಲ್ಲ. 2014ರಲ್ಲಿ ನಾರ್ಥ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರರು ಸಂಘ ಕಟ್ಟಲು ಹೊರಟರು. ಮರುವರ್ಷ ಕಾರ್ಮಿಕ ಮಂಡಳಿ ಅವರ ಅರ್ಜಿಯನ್ನು ಕೈಗೆತ್ತಿಕೊಳ್ಳದೆ ಬದಿಗಿಟ್ಟಿತು. 2024ರ ಮಾರ್ಚಿನಲ್ಲಿ ಡಾರ್ಟ್‌ಮತ್ ಕಾಲೇಜಿನ ಬಾಸ್ಕೆಟ್‌ಬಾಲ್ ಹುಡುಗರು 13ಕ್ಕೆ 2 ಮತಗಳಿಂದ ಸಂಘ ಸೇರಲು ನಿರ್ಣಯಿಸಿದರು. ಕಾಲೇಜು ಅವರೊಡನೆ ಮಾತಿಗೆ ಕೂಡ್ರಲು ಒಪ್ಪಲಿಲ್ಲ, ವರ್ಷದ ಕೊನೆಗೆ ಅವರೇ ಅರ್ಜಿ ಹಿಂತೆಗೆದುಕೊಂಡರು. ಪಗಾರ ಬಂತು, ಬಿಟ್ಟು ಹೋಗುವ ಹಕ್ಕು ಬಂತು. ಕೂಡಿ ಕೇಳುವ ಹಕ್ಕು ಬರಲಿಲ್ಲ. ಒಬ್ಬೊಬ್ಬನೇ ಹೋಗಿ ದರ ಕುದುರಿಸುವಲ್ಲಿ ಬಲ್ಲಿದನಿಗೆ ಕೋಟಿ, ಉಳಿದವನಿಗೆ ಬಾಗಿಲು.

ಈಗ ನಮ್ಮ ಲಿಲಾವಿನ ಲೆಕ್ಕಕ್ಕೆ ಬರೋಣ. 2023ರಲ್ಲಿ ಕಬಡ್ಡಿಯ ಒಂದು ತಂಡವು ಆಟಗಾರರ ಮೇಲೆ ವೆಚ್ಚ ಮಾಡಬಹುದಾದ ಒಟ್ಟು ಹಣ 5 ಕೋಟಿ ರೂಪಾಯಿ. ತಂಡದಲ್ಲಿ ಕನಿಷ್ಠ 18 ಜನ ಇರಬೇಕು. ಒಬ್ಬರಿಗೆ 2 ಕೋಟಿ 60 ಲಕ್ಷ ಕೊಟ್ಟ ಮೇಲೆ ಉಳಿದ 17 ಜನರಿಗೆ ಉಳಿಯುವದು 2 ಕೋಟಿ 40 ಲಕ್ಷ. 2024ರಲ್ಲಿ ಲಿಲಾವಿನ ಮೂಲಬೆಲೆ ನಾಲ್ಕು ದರ್ಜೆಗಳಲ್ಲಿ 30, 20, 13 ಮತ್ತು 9 ಲಕ್ಷ. ಒಂಬತ್ತು ಲಕ್ಷವೇನು ಕಡಿಮೆಯೇ ಎಂದು ಗಿರಣಿಯ ನಮ್ಮ ಬಂಧುಗಳು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ವರ್ಷವಿಡೀ ಪಾಳಿ ದುಡಿದರೂ ಅವರ ಕೈಗೆ ಅಷ್ಟು ಬರುವದಿಲ್ಲ. ಆದರೆ ಗಿರಣಿಯ ಕಾಮಗಾರ ಮೂವತ್ತು ವರ್ಷ ದುಡಿಯುತ್ತಾನೆ. ಕಬಡ್ಡಿಯ ಹುಡುಗನ ದುಡಿಮೆ ಆರು ವರ್ಷವೋ ಎಂಟು ವರ್ಷವೋ. ಹೊಸ ಎಳೆಯರನ್ನು ಲಿಲಾವಿಗೆ ತಾರದೆ, ಗೊತ್ತು ಮಾಡಿದ ಕಡಿಮೆ ಹಣಕ್ಕೆ ಕೆಲವು ವರ್ಷಗಳ ಕರಾರಿನಲ್ಲಿ ಕಟ್ಟಿಕೊಳ್ಳುವ ಪದ್ಧತಿಯೂ ಇದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಆರಿಸಿ ಹೋದ ಒಬ್ಬನ ಹಿಂದೆ ಪುಸ್ತಕ ಕೆಳಗಿಟ್ಟು ಬಂದು ಆರಿಸಲ್ಪಡದೆ ಉಳಿದ ನೂರು ಜನರ ಸಾಲು ನಿಂತಿದೆ. ಟಿ.ವಿ.ಯಲ್ಲಿ ಆ ಸಾಲು ಕಾಣುವದಿಲ್ಲ. ನಮ್ಮ ಓಣಿಗಳಲ್ಲಿ ಕಾಣುತ್ತದೆ.

ಹೆಣ್ಣುಮಕ್ಕಳ ಮಾತಂತೂ ಹೇಳುವದೇ ಬೇಡ. 2016ರಲ್ಲಿ ಮೂರು ತಂಡಗಳ ಒಂದು ಮಹಿಳಾ ಪಂದ್ಯಾವಳಿಯನ್ನು ಗಂಡಸರ ಲೀಗಿನ ಜೊತೆಗೆ ಆಡಿಸಿದರು. ಮೂರರಲ್ಲಿ ಎರಡು ತಂಡಗಳ ಮುಂದಾಳುಗಳು ಕರ್ನಾಟಕದವರು: ಮಮತಾ ಪೂಜಾರಿ ಮತ್ತು ತೇಜಸ್ವಿನಿ ಬಾಯಿ. ಇಬ್ಬರೂ ದೇಶಕ್ಕೆ ಏಷ್ಯನ್ ಕ್ರೀಡಾಕೂಟದ ಚಿನ್ನ ತಂದವರು. ಗಂಡಸರ ಲೀಗು ಮುಂದಿನ ವರ್ಷ ಎಂಟು ತಂಡಗಳಿಂದ ಹನ್ನೆರಡಕ್ಕೆ ಬೆಳೆಯಿತು. ಹೆಣ್ಣುಮಕ್ಕಳ ಪಂದ್ಯಾವಳಿಯನ್ನು ಅದರ ಜೊತೆಗೆ ಮುಂದುವರಿಸಲಿಲ್ಲ. ಪೇಟೆಯ ನ್ಯಾಯ ಇಷ್ಟೇ.

ಕಾಯದೆ ಏನು ಹೇಳುತ್ತದೆ? 1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಳಿಯ ಖಟ್ಲೆಯಲ್ಲಿ ನಮ್ಮ ಸುಪ್ರೀಮ್ ಕೋರ್ಟು ಶಾಲೆ, ಕಾಲೇಜು, ಕ್ಲಬ್ಬುಗಳೂ ಉದ್ಯಮದ ವ್ಯಾಖ್ಯೆಯಲ್ಲಿ ಬರಬಲ್ಲವೆಂದು ಹೇಳಿತು. ಹತ್ತು ವರ್ಷಗಳ ನಂತರ ಗೋವೆಯ ಒಬ್ಬ ಶಿಕ್ಷಕಿಯ ಖಟ್ಲೆಯಲ್ಲಿ ಅದೇ ಕೋರ್ಟು ಶಿಕ್ಷಕರು ‘ಕಾಮಗಾರ’ರಲ್ಲವೆಂದಿತು. ಅಂದರೆ ಸಂಸ್ಥೆ ಉದ್ಯಮವಾಗಬಹುದು, ಅದರಲ್ಲಿ ದುಡಿಯುವವನು ಮಾತ್ರ ಕಾಮಗಾರನಾಗಲಾರ! ಕಲಿಸುವವನ ಗತಿಯೇ ಹೀಗಾದಾಗ ಆಡುವ ಹುಡುಗನನ್ನು ಕೇಳುವವರಾರು? 2025ರ ಆಗಸ್ಟಿನಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯದೆ ಆಯಿತು. ಕ್ರೀಡಾ ಸಂಸ್ಥೆಗಳಲ್ಲಿ ಆಟಗಾರರ ಸಮಿತಿ ಇರಬೇಕು, ತಕರಾರುಗಳಿಗೆ ನ್ಯಾಯಮಂಡಳಿ ಇರಬೇಕು ಎಂದು ಅದು ಹೇಳುತ್ತದೆ. ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಅದು ಸಂಸ್ಥೆಗಳ ಆಡಳಿತದ ಕಾಯದೆ, ಪಗಾರದ ಕಾಯದೆಯಲ್ಲ. ಕಾಮಗಾರರ ನಷ್ಟ ಪರಿಹಾರದ 1923ರ ಕಾಯದೆಯನ್ನು ಒಳಗೊಂಡ ಸಾಮಾಜಿಕ ಭದ್ರತಾ ಸಂಹಿತೆಯನ್ನು 2025ರ ನವೆಂಬರ್ 21ರಿಂದ ಜಾರಿಗೆ ತಂದಿದ್ದಾರೆ. ಆಟದಲ್ಲಿ ಮುರಿದ ಮೊಣಕಾಲೂ ದುಡಿಮೆಯಲ್ಲಿ ಮುರಿದ ಮೊಣಕಾಲೇ ಎಂಬದನ್ನು ಅದರಲ್ಲಿ ಸ್ಪಷ್ಟ ಶಬ್ದಗಳಿಂದ ಸೇರಿಸಬೇಕೆಂದು ನಮ್ಮ ಪ್ರತಿನಿಧಿಗಳು ಒತ್ತಾಯಿಸಬೇಕು.

ನಮ್ಮ ಬೇಡಿಕೆಗಳು ಇವು. ಒಂದು, ಆಟದ ಮೇಲೆ ಹುಡುಗನನ್ನು ಸೇರಿಸಿಕೊಳ್ಳುವ ಪ್ರತಿ ಕಾಲೇಜು ಪ್ರವೇಶದ ದಿನವೇ ಕನ್ನಡದಲ್ಲಿ ಪತ್ರ ಬರೆದು ಕೊಡಬೇಕು: ಯಾವ ಫೀ ಮಾಫಿ, ಎಷ್ಟು ವರ್ಷ, ಪೆಟ್ಟು ಬಿದ್ದರೆ ಔಷಧದ ಖರ್ಚು ಯಾರದು. ಎರಡು, ಪೆಟ್ಟು ಬಿದ್ದು ಆಟ ನಿಂತರೂ ಪದವಿ ಮುಗಿಯುವ ವರೆಗೆ ಆ ಸೌಲಭ್ಯ ನಿಲ್ಲಬಾರದು. ಮೂರು, ಕಾಲೇಜು ಬದಲಿಸಬೇಕೆಂದ ಆಟಗಾರನ ಟಿ.ಸಿ.ಯನ್ನು ತಡೆದವರ ಮೇಲೆ ದಂಡ ಬೀಳಬೇಕು. ನಾಲ್ಕು, ಲೀಗಿನ ಆಟಗಾರರಿಗೆ ಸ್ವತಂತ್ರ ಸಂಘ ಬೇಕು; ಕನಿಷ್ಠ ಪಗಾರ, ಕರಾರಿನ ಅವಧಿ, ವಿಮೆ ಇವೆಲ್ಲ ಆ ಸಂಘದೊಡನೆ ಕೂಡಿ ನಿರ್ಣಯವಾಗಬೇಕು. ಐದು, ಲೀಗು ಆಡುವದು ಮ್ಯಾಟಿನ ಮೇಲೆ, ನಮ್ಮ ಮಕ್ಕಳು ಆಡುವದು ಮಣ್ಣಿನ ಮೇಲೆ. ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ತಾಲೂಕುಗಳಲ್ಲಿ ಒಂದೊಂದು ಸಾರ್ವಜನಿಕ ಮ್ಯಾಟು, ಒಬ್ಬೊಬ್ಬ ಪಗಾರದ ತರಬೇತುದಾರ ಇರಲಿ. ಹುಡುಗರಿಗೂ ಇರಲಿ, ಹುಡುಗಿಯರಿಗೂ ಇರಲಿ.

ಸರಕಾರ ಕೇಳುವ ವರೆಗೆ ನಾವು ಕೈಕಟ್ಟಿ ಕೂಡ್ರಬೇಕಾಗಿಲ್ಲ. ವ್ಯಾಪಾರಸ್ಥ ಬಂಧುಗಳೇ, ಊರ ಪಂದ್ಯಾವಳಿಗೆ ಢಾಲು, ನಗದು ಬಹುಮಾನ, ದೀಪದ ಖರ್ಚು ಕೊಡುವವರು ನೀವು. ಈ ವರ್ಷ ವರ್ಗಣಿಯ ಪಾವತಿ ಹರಿಯುವ ಮೊದಲು ಒಂದು ಪ್ರಶ್ನೆ ಕೇಳಿರಿ: ಆಡುವ ಹುಡುಗರಿಗೆ ಅಪಘಾತ ವಿಮೆ ಮಾಡಿಸಿದ್ದೀರಾ? ಇಲ್ಲವೆಂದರೆ ಢಾಲಿನ ಎತ್ತರ ಒಂದು ಮೊಳ ಕಡಿಮೆ ಮಾಡಿ ಆ ಹಣದಿಂದ ವಿಮೆ ಮಾಡಿಸಲು ಹೇಳಿರಿ. ಉದರಿ ಕೊಡುವಾಗ ಸಹ ಚೀಟಿ ಬರೆಸಿಕೊಳ್ಳುವವರು ನೀವು; ಮಗನನ್ನು ಕಳಿಸುವ ತಂದೆಗೂ ಚೀಟಿ ಬರೆಸಿಕೊಳ್ಳಲು ಕಲಿಸಿರಿ.

ಕಾಮಗಾರ ಬಂಧುಗಳೇ, ನಿಮ್ಮ ಮಗ ಚೆನ್ನಾಗಿ ಆಡುತ್ತಾನೆಂದು ಯಾರಾದರೂ ಮನೆಗೆ ಬಂದರೆ ಸಂತೋಷಪಡಿರಿ, ಚಹ ಕೊಡಿರಿ. ಆದರೆ ಬಿಳಿ ಹಾಳೆಯ ಮೇಲೆ ಸಹಿ ಮಾಡಬೇಡಿರಿ. ಮೂಲ ಪ್ರಮಾಣಪತ್ರ ಕೈಬಿಟ್ಟು ಕೊಡಬೇಡಿರಿ. ಓದಲು ಬಾರದ ಕರಾರು ಇದ್ದರೆ ನಮ್ಮ ಕಚೇರಿಗೆ ತನ್ನಿರಿ. ರವಿವಾರ ಮುಂಜಾನೆ ಓದಿ ಹೇಳಲು ನಾವು ಕೂತಿರುತ್ತೇವೆ. ಮುಂದಿನ ರವಿವಾರ ಆ ಜಿನ್ನಿನ ಹುಡುಗನೂ ಬರುವವನಿದ್ದಾನೆ. ಬಾಹ್ಯ ಪರೀಕ್ಷೆಗೆ ಕಟ್ಟಿ ಪದವಿ ಮುಗಿಸುವ ಅರ್ಜಿಯನ್ನು ಅವನೊಂದಿಗೆ ತುಂಬಬೇಕಾಗಿದೆ.